ತಂಗಿಯ ಸ್ಪ್ಯಾನಿಷು, ನನ್ನ ಹೌದು

ಬಹರೈನಿನ ಅರಾದಿನಲ್ಲಿರುವ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಂದು ಹಳೆಯ ಫ್ರಿಜ್ಜಿದೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಆಗಾಗ ಹೊಟ್ಟೆನೋವು ಬಂದವರ ಹಾಗೆ ಒಳಗಿಂದ ಗೊರಗುಟ್ಟುತ್ತದೆ. ಹೋದ ವರ್ಷ ಬಹುಪಾಲು ದಿನ, ಬೆಳಿಗ್ಗೆ ಚಹಾದ ನೀರು ಕುದಿಯುವಷ್ಟರಲ್ಲಿ, ನನ್ನ ತಂಗಿ ಸೆಲಿನ್ ಈ ಫ್ರಿಜ್ಜಿನ ಮುಂದೆ ನಿಂತು, ಅದರ ಬಾಗಿಲ ಮೇಲೆ ಅಂಗೈ ಇಟ್ಟು, ಬಹಳ ಮರ್ಯಾದೆಯಿಂದ "ದೋಂದೆ ಲೆ ದುವೆಲೆ?" ಎಂದು ವಿಚಾರಿಸುತ್ತಿದ್ದಳು. ನಿಮಗೆ ಎಲ್ಲಿ ನೋಯುತ್ತಿದೆ ಎಂದು ಅದರ ಅರ್ಥ. ಫ್ರಿಜ್ಜು ಗೊರಗುಟ್ಟಿದರೆ ಕೈಯನ್ನು ಸ್ವಲ್ಪ ಕೆಳಗೆ ಸರಿಸಿ ಮತ್ತೆ ಕೇಳುವಳು: ಇಲ್ಲಿಯೋ? ಇಲ್ಲಿಯೋ?

"ಹಾಲು ಒಡೆದಿದೆಯಾ ಅಂತ ಕೂಡ ಕೇಳು ಮಾರಾಯ್ತಿ ಅದಕ್ಕೆ," ಎಂದು ನಾನು ಲೋಟ ಹಿಡಿದು ಕಾಯುತ್ತ ಹೇಳುವವನು.

"ನೀನು ಸುಮ್ಮನಿರು ಅಣ್ಣಾ. ನಿನಗಿಂತ ಈ ಫ್ರಿಜ್ಜೇ ಒಳ್ಳೆ ಪೇಷಂಟು. ಮಾತಿಗೆ ಅಡ್ಡ ಬರುವುದಿಲ್ಲ."

ಹೀಗೆ ಒಂದು ಯಂತ್ರದ ಕ್ಷೇಮಸಮಾಚಾರವನ್ನು ದೂರದೇಶದ ಭಾಷೆಯಲ್ಲಿ ಕೇಳುವ ಹೆಣ್ಣನ್ನು ಕಂಡು ನೀವು ನಕ್ಕರೆ ತಪ್ಪಲ್ಲ, ನಾನೂ ನಕ್ಕಿದ್ದೇನೆ. ಈಗ ನಗುವ ಮೊದಲು ಒಂದು ಕ್ಷಣ ತಡೆಯುತ್ತೇನೆ. ಯಾಕೆ ಎನ್ನುವುದನ್ನು ನಿಮ್ಮೊಡನೆ ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಬರೆದು ಅಭ್ಯಾಸವಿದ್ದವನಲ್ಲ. ಶಾಲೆ ಏಳನೆಯ ತರಗತಿಗೇ ಸಾಕಾಯಿತು. ಬಡತನದ ಕಾರಣಕ್ಕಲ್ಲ, ತ್ಯಾಗ ಮಾಡಲೆಂದೂ ಅಲ್ಲ, ಕುಳಿತಲ್ಲಿ ಕುಳಿತಿರಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಓದಿದ್ದೆಲ್ಲ ಆಮೇಲೆ, ಊರಿಂದ ಬರುವವರ ಬ್ಯಾಗಿನಲ್ಲಿ ಬಂದ ವಾರಪತ್ರಿಕೆಗಳಲ್ಲಿ. ಬಹರೈನಿಗೆ ಬಂದು ಲಾಂಡ್ರಿಯ ವ್ಯಾನು ಓಡಿಸುತ್ತೇನೆ. ಹೆಂಡತಿ ಮಕ್ಕಳ ಶಾಲೆಯ ಸಲುವಾಗಿ ಊರಿನಲ್ಲಿದ್ದಾಳೆ, ಇಲ್ಲಿ ನಾನು ಮತ್ತು ಸೆಲಿನ್ ಒಂದೇ ಮನೆಯಲ್ಲಿ. ಅವಳು ನರ್ಸು, ಮನೆಗಳಿಗೆ ನರ್ಸುಗಳನ್ನು ಕಳಿಸುವ ಒಂದು ಏಜೆನ್ಸಿಯಲ್ಲಿ ಹಗಲು ಪಾಳಿ. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ನಾವಿಬ್ಬರೂ ಆಡುವ ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ಹಾಕಿದ್ದೇನೆ.

ಭಾಷೆಯ ವಿಷಯದಲ್ಲಿ ನನಗೆ ಬಹಳ ಜಂಬವಿತ್ತು. ಲಾಂಡ್ರಿಯವನಿಗೆ ಎಷ್ಟು ಬಾಗಿಲುಗಳೋ ಅಷ್ಟು ಭಾಷೆ. ಅಸ್ಕರಿನ ಕೂಲಿಕಾರರ ಕ್ಯಾಂಪಿನಲ್ಲಿ ಎಣ್ಣೆಮೆತ್ತಿದ ಕೆಲಸದುಡುಪಿನ ಡಾಂಗ್ರಿಗಳನ್ನು ಎತ್ತಿಕೊಳ್ಳುವಾಗ ಹಿಂದಿ, ಕೆಫೆಟೇರಿಯಾದಲ್ಲಿ ಮಲಯಾಳಂ, ಗೆಳೆಯರೊಡನೆ ತುಳು, ಮಾಹೂಝಿನ ಫ್ಲ್ಯಾಟುಗಳಲ್ಲಿ ಇಂಗ್ಲಿಷು, ಅರಬ್ಬರ ಮನೆಯ ಹೊಸ್ತಿಲಲ್ಲಿ ಬೇಕಾದಷ್ಟೇ ಅರಬಿ. ಇಷ್ಟೂ ಭಾಷೆಗಳಲ್ಲಿ ನಾನು ಮೊದಲು ಕಲಿತ ಮಾತು ಒಂದೇ. ಹೌದು ಸರ್, ತಮಾಮ್, ಮಾಫಿ ಮುಶ್ಕಿಲ್, ಕೋಯಿ ಬಾತ್ ನಹೀ, ನಾಳೆ ಆಗ್ತದೆ. ಎದುರಿನವರು ಹೇಳಿದ್ದು ತಲೆಗೆ ಹೋಗಿರಲಿ ಬಿಡಲಿ, ಮುಖದಲ್ಲಿ ಬೆಳಕು ತಂದುಕೊಂಡು ಹೌದೆನ್ನುವುದು. ದಯವಿಟ್ಟು ಇದನ್ನು ಬರೀ ಸುಳ್ಳುಬುರುಕತನ ಎಂದು ತಿಳಿಯಬೇಡಿ. ಪರದೇಶದಲ್ಲಿ ಕೈಕೆಳಗೆ ದುಡಿದವರಿಗೆ ಗೊತ್ತಿರುತ್ತದೆ: ಎರಡನೆಯ ಸಲ ಕೇಳಿದವನು ದಡ್ಡ, ಮೂರನೆಯ ಸಲ ಕೇಳಿದವನು ಮುಂದಿನ ವಿಮಾನಕ್ಕೆ. ಮೊದಲು ಹೌದು ಎನ್ನು, ಆಮೇಲೆ ಹೊರಗೆ ಬಂದು ಜೊತೆಯವರನ್ನು ಕೇಳಿ ತಿಳಿದುಕೋ. ನನಗೆ ಕೆಲಸ ಕಲಿಸಿದವರು ಹಾಗೇ ಕಲಿಸಿದ್ದರು, ನಾನೂ ಹೊಸಬರಿಗೆ ಹಾಗೇ ಕಲಿಸಿದ್ದೇನೆ. ಬಟ್ಟೆಯ ವ್ಯವಹಾರದಲ್ಲಿ ಇದರಿಂದ ಹೆಚ್ಚೆಂದರೆ ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋಗುತ್ತದೆ.

ಸೆಲಿನ್‌ಗೆ ಸ್ಪ್ಯಾನಿಷು ಬೇಕಾದದ್ದು ಅವಳು ನೋಡಿಕೊಳ್ಳುತ್ತಿದ್ದ ದೋನ್ಯಾ ಅಂಪಾರೊ ಎನ್ನುವ ಮುದುಕಿಯಿಂದಾಗಿ. ದೋನ್ಯಾ ಎಂದರೆ ನಮ್ಮ ಅಮ್ಮನವರು ಎಂದ ಹಾಗೆ ಒಂದು ಗೌರವ. ಕೊಲಂಬಿಯಾದ ಗುಡ್ಡದ ಊರಿನವರು. ಮಗ ಅಂದ್ರೇಸ್ ಇಲ್ಲಿ ಇಂಜಿನಿಯರು, ಮಾಹೂಝಿನ ಫ್ಲ್ಯಾಟಿನಲ್ಲಿ ವಾಸ, ನಮ್ಮ ಲಾಂಡ್ರಿಯ ಗಿರಾಕಿ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಕರೆಸಿಕೊಂಡಿದ್ದ. ಆಕೆಗೆ ಮೊದಲು ಚೂರುಪಾರು ಇಂಗ್ಲಿಷು ಬರುತ್ತಿತ್ತಂತೆ. ಸ್ಟ್ರೋಕ್ ಬಂದು ಎದ್ದಾಗ ದೊಡ್ಡವರಾದ ಮೇಲೆ ಕಲಿತದ್ದೆಲ್ಲ ಹೋಗಿ, ತಾಯಿಯ ಮಡಿಲಲ್ಲಿ ಕಲಿತದ್ದು ಮಾತ್ರ ತೊದಲುತ್ತ ಉಳಿದಿತ್ತು, ಬಾಯಿಯ ಬಲಬದಿ ಜೋತುಬಿದ್ದಿತ್ತು. ಮಗ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಇಡೀ ಹಗಲು ಆ ಮನೆಯಲ್ಲಿ ಆಕೆಯ ಮಾತು ತಿಳಿಯುವ ಜೀವವೊಂದೂ ಇರಲಿಲ್ಲ.

ಫೋನಿನಲ್ಲಿ ಭಾಷಾಂತರ ಮಾಡುವ ವ್ಯವಸ್ಥೆ ಇದೆಯಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ಫೋನಿಗೆ ಅರ್ಥವಾಗುವುದು ಗಟ್ಟಿಮುಟ್ಟಾದವರ ಮಾತು. ಒಮ್ಮೆ ಸೆಲಿನ್ ರಜೆಯಲ್ಲಿದ್ದಾಗ ಬಂದ ಇನ್ನೊಬ್ಬ ನರ್ಸಿನ ಹತ್ತಿರ ದೋನ್ಯಾ ಕಾಲು ತೋರಿಸಿ ಏನೋ ಹೇಳಿದರು. ಫೋನು ಇಡೀ ಮಾತು ಬಿಟ್ಟು ಒಂದೇ ಶಬ್ದ ಹಿಡಿದು "ಇರುವೆಗಳು" ಎಂದಿತು. ಪಾಪ, ಆ ನರ್ಸು ಹಾಸಿಗೆಯನ್ನೆಲ್ಲ ಕೊಡವಿ, ಮೂಲೆಗೆ ಮದ್ದು ಹೊಡೆದು, ಬಟ್ಟೆಯನ್ನೆಲ್ಲ ಮೂಟೆ ಕಟ್ಟಿ ನನ್ನ ವ್ಯಾನಿಗೆ ಹಾಕಿದಳು. ಬಿಸಿನೀರಲ್ಲಿ ತೊಳೆಯಿರಿ, ಇರುವೆ ಉಂಟು ಎಂದಳು. ನಾನು ಕೂಡಲೇ ಹೌದು, ಸತ್ತೇ ಹೋಗ್ತದೆ ಎಂದೆ. ಮಾರನೆಯ ದಿನ ಸೆಲಿನ್ ಹೋಗಿ ನೋಡಿದರೆ ಕಾಲು ನೇರವಾಗಿರಲೆಂದು ಕಟ್ಟಿದ ಪಟ್ಟಿ ಬಿಗಿಯಾಗಿ, ಪಾದಕ್ಕೆ ಜೋಮು ಹಿಡಿದಿತ್ತು. ಆ ದಿನ ವ್ಯಾನಿನಲ್ಲಿ ಮನೆಗೆ ಬರುವಾಗ ಅವಳು ಹೇಳಿದಳು:

"ನಮ್ಮಲ್ಲಿ ಕೂಡ ಹಾಗೇ ಹೇಳುವುದಲ್ವಾ ಅಣ್ಣಾ? ಕಾಲಿನಲ್ಲಿ ಇರುವೆ ಹರಿದ ಹಾಗೆ ಆಗ್ತದೆ ಅಂತ. ಅವರು ಸರಿಯಾಗೇ ಹೇಳಿದ್ದಾರೆ. ಕೇಳುವವರು ಇರಲಿಲ್ಲ."

ಮರುದಿನದಿಂದ ಫ್ರಿಜ್ಜಿಗೆ ನೋವು ಶುರುವಾಯಿತು.

ಅವಳು ಕಲಿತ ರೀತಿಯನ್ನು ನೆನೆದರೆ ನನಗೆ ಈಗಲೂ ಬೆರಗು. ಫೋನಿನ ಪಾಠಗಳನ್ನು ಕಿವಿಗೆ ಹಾಕಿಕೊಂಡು ರೊಟ್ಟಿ ತಟ್ಟುವಳು. ಜೊತೆಯ ಫಿಲಿಪಿನೊ ನರ್ಸಿಗೆ ಗಂಟೆ, ವಾರ, ಚಮಚಗಳ ಹೆಸರು ಹುಟ್ಟಿನಿಂದಲೇ ಗೊತ್ತಿದ್ದವು, ಅವರ ಭಾಷೆಯಲ್ಲಿ ಸ್ಪ್ಯಾನಿಷು ಅಷ್ಟು ಬೆರೆತಿದೆಯಂತೆ. ಅವಳಿಂದ ಅದನ್ನು ಕಲಿತಳು. ಬೆಳಿಗ್ಗೆ ನಾನು ವ್ಯಾನಿನಲ್ಲಿ ಅವಳನ್ನು ಮಾಹೂಝಿಗೆ ಬಿಡುವಾಗ, ಹಿಂದೆ ಇಸ್ತ್ರಿಯಾದ ಅಂಗಿಗಳು ಹ್ಯಾಂಗರಿನಲ್ಲಿ ತೂಗಾಡುತ್ತಿರುವಂತೆ, ನಾನು ರೋಗಿಯಾಗಬೇಕು. ಸಿಗ್ನಲಿನಲ್ಲಿ ನಿಂತಾಗಲೆಲ್ಲ ನನಗೆ ಒಂದೊಂದು ಕಾಯಿಲೆ. ಉರಿಯೋ, ಸೆಳೆತವೋ, ಚುಚ್ಚುವುದೋ, ಭಾರವೋ? ಪಕ್ಕದ ಕಾರಿನವರು ನನ್ನ ನರಳಾಟ ನೋಡಿ ಗಾಜು ಇಳಿಸಿದ್ದೂ ಇದೆ.

ನಮಗೆ ಒಂದು ಸಂತೋಷವೂ ಸಿಕ್ಕಿತು. ಮೇಜಿಗೆ ಅವರು ಮೇಸಾ ಎನ್ನುತ್ತಾರೆ, ಬಾಲ್ದಿಗೆ ಬಾಲ್ದೆ, ಪಾದ್ರಿಗೆ ಪಾದ್ರೆ. ಅಂಗಿಗೆ ಕಮೀಸಾ! ಕೊಂಕಣಿಯಲ್ಲಿ ಖಮೀಸ್, ಅರಬಿಯಲ್ಲಿ ಕಮೀಸ್, ಹಿಂದಿಯಲ್ಲಿ ಕಮೀಜ್. ಕಡಲು ದಾಟಿ ಬಂದ ಹಡಗಿನವರು ನಮ್ಮ ಮನೆಗಳಲ್ಲಿ ಬಿಟ್ಟುಹೋದ ಮಾತುಗಳು ಹೀಗೆ ಗುಡ್ಡದೂರಿನ ಮುದುಕಿಯೊಬ್ಬಳನ್ನು ನಮ್ಮ ನೆಂಟರ ಪೈಕಿ ಮಾಡಿದವು. ನಾನು ತೊಡೆ ತಟ್ಟಿ, "ಇದು ನಮ್ಮದೇ ಭಾಷೆ ಮಾರಾಯ್ತಿ, ನನಗೆ ಅರ್ಧ ಬಂದಾಯ್ತು," ಎಂದೆ. ಅವಳು ನಗಲಿಲ್ಲ. "ಬಾಲ್ದಿ ಬಂದ್ರೆ ಬಾಲ್ದಿ ಮಾತ್ರ ಬಂತು," ಎಂದಳು.

ಅವಳು ಎಲ್ಲಕ್ಕೂ ಮೊದಲು ಬಾಯಿಪಾಠ ಮಾಡಿದ್ದು ಯಾವ ವಾಕ್ಯ ಗೊತ್ತೆ? ನೋವಿನದ್ದಲ್ಲ, ಔಷಧಿಯದ್ದಲ್ಲ. "ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ." ಇದನ್ನು ಕೇಳಿ ನಾನು ಅವಳನ್ನು ಹಾಸ್ಯ ಮಾಡಿದ್ದೆ. ಅಲ್ಲ, ಯಾರಾದರೂ ತನಗೆ ಬರುವುದಿಲ್ಲ ಎನ್ನುವುದನ್ನು ಇಷ್ಟು ಕಷ್ಟಪಟ್ಟು ಕಲಿಯುತ್ತಾರೆಯೆ? ಆದರೆ ಬಟ್ಟೆ ಕೊಡಲು ಹೋದಾಗ ಅವರಿಬ್ಬರನ್ನು ನಾನು ನೋಡಿದ್ದೇನೆ. ದೋನ್ಯಾ ಏನೋ ಹೇಳುತ್ತಾರೆ. ಸೆಲಿನ್ ಅವರ ಮಂಡಿಯ ಹತ್ತಿರ ಕುಳಿತು, ತನಗೆ ತಿಳಿದಷ್ಟನ್ನು ತನ್ನ ಮುರುಕು ಸ್ಪ್ಯಾನಿಷಿನಲ್ಲಿ ತಿರುಗಿ ಒಪ್ಪಿಸುತ್ತಾಳೆ. ಮುದುಕಿ ಬೆರಳಾಡಿಸಿ ಇಲ್ಲ ಎನ್ನುತ್ತಾರೆ. ಇವಳು ಮತ್ತೆ ಕೇಳುತ್ತಾಳೆ, ಅವರು ಮತ್ತೆ ಹೇಳುತ್ತಾರೆ. ಹೀಗೆ ಒಂದು ಸಣ್ಣ ಮಾತು, ಕಿಟಕಿಯ ಪರದೆ ಸ್ವಲ್ಪ ಸರಿಸು ಎನ್ನುವಂಥ ಮಾತು, ಇಬ್ಬರ ನಡುವೆ ನಾಲ್ಕಾರು ಸಲ ಓಡಾಡಿ ಕೊನೆಗೆ ಮುಟ್ಟಬೇಕಾದಲ್ಲಿ ಮುಟ್ಟಿದಾಗ ಮುದುಕಿಯ ಮುಖದಲ್ಲಿ ಕಾಣುತ್ತಿದ್ದ ನಿರಾಳವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಇಷ್ಟು ಭಾಷೆಗಳನ್ನು ಕಲಿತದ್ದು ನನ್ನ ಕೆಲಸ ಸಾಗಲೆಂದು. ಇವಳು ಒಂದು ಭಾಷೆಯನ್ನು ಕಲಿತದ್ದು ಇನ್ನೊಬ್ಬರ ಮಾತು ಪೂರ್ತಿಯಾಗಲೆಂದು. ಎರಡೂ ಭಾಷೆ ಕಲಿಯುವುದೇ, ಆದರೆ ಒಂದೇ ಕಸುಬಲ್ಲ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ತಂಗಿಯನ್ನು ಹೊಗಳುತ್ತ ಅದನ್ನು ಮುಂದೂಡಿದ್ದು ನಿಮಗೂ ತಿಳಿದಿರಬಹುದು.

ಸ್ಟ್ರೋಕ್ ಆದ ಕೆಲವರಿಗೆ ನುಂಗುವ ಶಕ್ತಿ ಕೆಡುತ್ತದೆ. ನೀರು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೆಂದು ಒಂದು ಪುಡಿ ಬರುತ್ತದೆ, ಅದನ್ನು ಕಲಕಿದರೆ ನೀರು ಗಂಜಿಯಂತೆ ದಪ್ಪವಾಗುತ್ತದೆ. ದೋನ್ಯಾರಿಗೆ ಅಂಥ ನೀರನ್ನೇ ಚಮಚದಲ್ಲಿ ಕೊಡಬೇಕಿತ್ತು. ಇದೆಲ್ಲ ನನಗೆ ಈಗ ಗೊತ್ತು. ಆಗ, ಅವರ ಲೋಟದಲ್ಲಿ ಏನೋ ಗಂಜಿಯಂಥದ್ದು ಇರುತ್ತದೆ ಎಂದಷ್ಟೇ ಕಂಡಿದ್ದೆ. ಯಾಕೆ ಎಂದು ಕೇಳಿರಲಿಲ್ಲ.

ಸೆಖೆ ಏರಿದ್ದ ಒಂದು ಮಧ್ಯಾಹ್ನ ಅಂದ್ರೇಸನ ಅಂಗಿಗಳನ್ನು ಕೊಡಲು ಹೋದೆ. ಪುಡಿಯ ಡಬ್ಬಿ ಮುಗಿದಿತ್ತು. ಔಷಧಿ ಅಂಗಡಿ ಅದೇ ಕಟ್ಟಡದ ಕೆಳಗೆ. ಸೆಲಿನ್ ಚಪ್ಪಲಿ ಹಾಕುತ್ತ ಹೇಳಿದಳು:

"ಅಣ್ಣಾ, ಈಗ ಬಂದೆ. ನೀನು ಇಲ್ಲೇ ಕೂತ್ಕೋ. ಅವರಿಗೆ ಏನೂ ಕೊಡ್ಬೇಡ. ಏನಾದ್ರೂ ಹೇಳಿದ್ರೆ ನನಗೆ ಫೋನ್ ಮಾಡು. ಕೇಳಿತಾ?"

"ಆಯ್ತು, ಆಯ್ತು, ನೀನು ಹೋಗು," ಎಂದೆ. ಅವಳ ಮಾತು ನನ್ನ ಕಿವಿಯಲ್ಲಿ ಎಲ್ಲಿಯವರೆಗೆ ಹೋಗಿತ್ತೋ ದೇವರಿಗೇ ಗೊತ್ತು. ನಾನು ಯಾವ ಹ್ಯಾಂಗರು ಎಲ್ಲಿ ತೂಗುಹಾಕಲಿ ಎಂದು ನೋಡುತ್ತಿದ್ದೆ.

ಬಾಗಿಲು ಮುಚ್ಚಿದ ಸದ್ದು ಕೇಳಿದ್ದೇ ದೋನ್ಯಾ ನನ್ನ ಕಡೆ ತಿರುಗಿದರು. "ಆಗ್ವಾ," ಎಂದರು.

ಆಗ್ವಾ! ನನಗೆ ಬರುತ್ತಿದ್ದ ಶಬ್ದ. ನೀರು. ಸಿಗ್ನಲಿನಲ್ಲಿ ನಾನೇ ಎಷ್ಟೋ ಸಲ ಹೇಳಿ ಒಪ್ಪಿಸಿದ್ದು. ಪರೀಕ್ಷೆಯಲ್ಲಿ ಎಂದೂ ಉತ್ತರ ಗೊತ್ತಿರದ ಹುಡುಗನಿಗೆ ಒಮ್ಮೆ ಗೊತ್ತಿರುವ ಪ್ರಶ್ನೆ ಬಂದರೆ ಹೇಗಾಗುತ್ತದೆ, ಹಾಗಾಯಿತು. "ಸೀ, ಸೀ, ಆಗ್ವಾ!" ಎಂದೆ. ಮೇಜಿನ ಮೇಲಿದ್ದ ದಪ್ಪ ನೀರಿನ ಲೋಟ ತೋರಿಸಿದೆ. ಅವರು ಮುಖ ಸಿಂಡರಿಸಿ ಫ್ರಿಜ್ಜಿನ ಕಡೆ ಬೆರಳು ಮಾಡಿದರು. ನಿಮಗೆ ಗೊತ್ತಿದೆ, ನಮ್ಮ ಕಡೆ ಅಂಗಳಕ್ಕೆ ಬಂದವರು ಯಾರು ಎಂದು ವಿಚಾರಿಸುವ ಮೊದಲೇ ತಂಬಿಗೆ ನೀರು, ಒಂದು ತುಂಡು ಬೆಲ್ಲ ಇಟ್ಟುಬಿಡುತ್ತೇವೆ. ಬಾಯಾರಿ ಕೇಳಿದವರಿಗೆ ನೀರು ಇಲ್ಲ ಎನ್ನುವುದು ನಮ್ಮ ಕೈಗೆ ಅಭ್ಯಾಸವೇ ಇಲ್ಲ. ತಣ್ಣನೆಯ ಬಾಟಲಿಯಿಂದ ಗ್ಲಾಸು ತುಂಬಿಸಿ, ಅಮ್ಮನಿಗೆ ಕುಡಿಸುವ ಹಾಗೆ ತಲೆಗೆ ಕೈಕೊಟ್ಟು ಕುಡಿಸಿದೆ. ಅವರು ಕಣ್ಣು ಮುಚ್ಚಿ ದೊಡ್ಡ ದೊಡ್ಡ ಗುಟುಕು ಕುಡಿದರು. ನನಗೆ ಪುಣ್ಯದ ಕೆಲಸ ಮಾಡಿದ ಹಿಗ್ಗು.

ಆಮೇಲೆ ಕೆಮ್ಮು. ಅದು ನಿಲ್ಲಲಿಲ್ಲ. ಮುಖ ಕೆಂಪಾಗಿ, ಆಮೇಲೆ ಬೇರೆ ಬಣ್ಣಕ್ಕೆ ತಿರುಗತೊಡಗಿತು. ಸೆಲಿನ್ ಒಳಗೆ ಬಂದವಳು ನನ್ನ ಕೈಯ ಗ್ಲಾಸನ್ನು ಒಮ್ಮೆ ನೋಡಿದಳು. ಮುದುಕಿಯನ್ನು ಮುಂದಕ್ಕೆ ಬಾಗಿಸಿ ಹಿಡಿದು, ಕೆಮ್ಮಿ, ಇನ್ನೂ ಕೆಮ್ಮಿ ಎಂದು ಅವರ ಭಾಷೆಯಲ್ಲಿ ಕಿವಿಯ ಬಳಿ ಹೇಳುತ್ತ, ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನು ಮಾಡಿದಳು. ಮರುದಿನ ಜ್ವರ ಬಂತು, ಎದೆಯಲ್ಲಿ ಸೋಂಕು. ದೋನ್ಯಾ ಆಸ್ಪತ್ರೆಯಲ್ಲಿ ಉಳಿದರು.

ಏಜೆನ್ಸಿಯವರು ಕೇಳಿದಾಗ ಸೆಲಿನ್ ಹೇಳಿದ್ದು ಇಷ್ಟೇ: ನನ್ನ ಡ್ಯೂಟಿಯಲ್ಲಿ ತೆಳು ನೀರು ಕುಡಿದರು, ಆಗ ನಾನು ಕೋಣೆಯಲ್ಲಿ ಇರಲಿಲ್ಲ. ಅದರಲ್ಲಿ ಸುಳ್ಳಿಲ್ಲ. ನನ್ನ ಹೆಸರೂ ಇಲ್ಲ. ಅಮ್ಮ ಏನೂ ಹೇಳದ್ದರಿಂದ, ಮುದುಕಿ ತಾನೇ ಹೇಗೋ ಬಾಟಲಿಗೆ ಕೈ ಹಾಕಿದಳೆಂದು ಅಂದ್ರೇಸ್ ತಿಳಿದ. ಸೆಲಿನ್ ಇನ್ನು ನಮ್ಮ ಮನೆಗೆ ಬೇಡ ಎಂದ. ಏಜೆನ್ಸಿಯವರು ಅವಳಿಗೆ ಲಿಖಿತ ಎಚ್ಚರಿಕೆ ಕೊಟ್ಟು ಬೇರೆ ಮನೆಗೆ ಹಾಕಿದರು.

ನಾನು ಯಾಕೆ ಬಾಯಿ ಬಿಡಲಿಲ್ಲ? ಗಿರಾಕಿ ಹೋಗುತ್ತಾನೆ, ಅಂಗಡಿಯ ಯಜಮಾನ ಬಿಡುವುದಿಲ್ಲ ಎಂದು ನನಗೇ ನಾನು ಹೇಳಿಕೊಂಡೆ. ನಿಜವಾದ ಕಾರಣ ಇನ್ನೂ ಸಣ್ಣದು. ನನಗೆ ಸ್ಪ್ಯಾನಿಷು ಅರ್ಧ ಬರುತ್ತದೆ ಎಂದು ಅಂಗಡಿಯವರ ಮುಂದೆಲ್ಲ ಕೊಚ್ಚಿಕೊಂಡಿದ್ದೆ. ಆ ಅರ್ಧದಿಂದ ಏನಾಯಿತು ಎಂದು ಹೇಳುವುದು ನನಗೆ ಆಗಲಿಲ್ಲ. ಸೆಲಿನ್ ನನ್ನನ್ನು ಬೈಯಲೂ ಇಲ್ಲ. ಬೆಳಿಗ್ಗೆ ಚಹಾ ಮಾಡಿ ಇಟ್ಟು ಹೊರಡುತ್ತಿದ್ದಳು. ಹೊಸ ಮನೆಗೆ ಅವಳೇ ಬಸ್ಸಿನಲ್ಲಿ ಹೋಗುತ್ತಿದ್ದಳು. ಫ್ರಿಜ್ಜು ಎಷ್ಟು ಗೊರಗುಟ್ಟಿದರೂ ಕೇಳುವವರಿಲ್ಲ.

ದೋನ್ಯಾ ಗುಣವಾಗಿ ಮನೆಗೆ ಬಂದ ಮೇಲೆ ನಾನು ಬಟ್ಟೆ ತೆಗೆದುಕೊಂಡು ಹೋದೆ. ಹೊಸ ನರ್ಸು ಒಳ್ಳೆಯ ಹುಡುಗಿ, ಕೈ ಮೃದು, ಆದರೆ ಅವಳ ಮಾತೆಲ್ಲ ಫೋನಿನೊಡನೆ. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಟ್ಟೆಯಲ್ಲಿ ಊಟ ಹಾಗೇ ಇತ್ತು. "ಏನೂ ತಿನ್ನುವುದಿಲ್ಲ ಭೈಯ್ಯಾ. ಮಾತೂ ನಿಲ್ಲಿಸಿದ್ದಾರೆ," ಎಂದಳು ಹುಡುಗಿ ಹಿಂದಿಯಲ್ಲಿ. ನನ್ನ ದನಿ ಕೇಳಿ ದೋನ್ಯಾ ನಿಧಾನವಾಗಿ ಹೊರಳಿದರು. ನನ್ನ ಹಿಂದೆ, ಬಾಗಿಲಿನ ಕಡೆ ನೋಡಿದರು.

"ಸೆಲೀನಾ?"

ಒಂದೇ ಶಬ್ದ. ಅದು ಪ್ರಶ್ನೆ ಎನ್ನುವುದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ನಾನು ಏನು ಮಾಡಿದೆ ಎಂದರೆ ನೀವು ನಂಬಲಾರಿರಿ. ಮುಖದಲ್ಲಿ ಬೆಳಕು ತಂದುಕೊಂಡು, ತಲೆ ಅಲ್ಲಾಡಿಸಿ, "ಸೀ, ಸೀ. ಮನ್ಯಾನಾ," ಎಂದೆ. ಹೌದು, ಹೌದು. ನಾಳೆ. ಸಾವಿರ ಬಾಗಿಲುಗಳಲ್ಲಿ ಹೇಳಿದ ಮಾತು ತಾನೇ ತಾನಾಗಿ ಬಾಯಿಂದ ಬಿತ್ತು.

ಮುಂದಿನ ಸಲ ಹೋದಾಗ ದೋನ್ಯಾ ಹಾಸಿಗೆಯಲ್ಲಿರಲಿಲ್ಲ. ಬಾಗಿಲಿಗೆ ಎದುರಾಗಿ ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ತಲೆ ಬಾಚಿ ಪಿನ್ನು ಹಾಕಿತ್ತು, ಕುತ್ತಿಗೆಯಲ್ಲಿ ಮಣಿಸರ. ಹುಡುಗಿ ಹೇಳಿದಳು, "ನೀವು ಬಂದು ಹೋದ ಮಾರನೆಯ ದಿನದಿಂದ ಹೀಗೇ. ಬೆಳಿಗ್ಗೆ ಎದ್ದದ್ದೇ ಬಾಚಣಿಗೆ ತೋರಿಸ್ತಾರೆ. ಇಲ್ಲಿ ಕೂರಿಸು ಅಂತಾರೆ. ಸಂಜೆಯವರೆಗೆ ಬಾಗಿಲು ನೋಡ್ತಾರೆ. ಯಾರಿಗೆ ಕಾಯ್ತಿದ್ದಾರೋ ಏನೋ."

ಅಂಗಿಗಳು ನನ್ನ ಕೈಯಲ್ಲಿದ್ದವು. ಅವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ನೀರು ಕೊಟ್ಟದ್ದು ಅರಿಯದೆ ಆದದ್ದು ಎಂದು ಇಷ್ಟು ದಿನ ಒಂದು ಸಮಾಧಾನವಿತ್ತು. ಈ ನಾಳೆ ಅರಿತೇ ಹೇಳಿದ್ದು. ಮಾತು ಬಾರದೆ ಉಳಿದ ಒಬ್ಬ ಹೆಂಗಸಿಗೆ ಕೇಳುವ ಒಂದು ಕಿವಿಯನ್ನು ನನ್ನ ತಂಗಿ ತಿಂಗಳುಗಟ್ಟಲೆ ಕೂತು ಕಟ್ಟಿಕೊಟ್ಟಿದ್ದಳು. ನಾನು ಎರಡು ಹೌದುಗಳಲ್ಲಿ ಅದನ್ನು ಕಿತ್ತುಹಾಕಿ, ಮೇಲಿಂದ ಅವರನ್ನು ಬಾಗಿಲು ಕಾಯಲು ಕೂರಿಸಿದ್ದೆ.

ಸಂಜೆ ಅಂದ್ರೇಸ್ ಬರುವ ಹೊತ್ತಿಗೆ ಮತ್ತೆ ಹೋದೆ. ಅವನು ಟೈ ಸಡಿಲಿಸುತ್ತ ಬಾಗಿಲು ತೆರೆದ. ದಾರಿಯಲ್ಲಿ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಆಗ ಚದುರಿಹೋಯಿತು.

"ಸರ್, ಆ ದಿನ ನೀರು ಕೊಟ್ಟದ್ದು ಸೆಲಿನ್ ಅಲ್ಲ. ನಿಮ್ಮ ಅಮ್ಮನೂ ತಾನಾಗಿ ತಗೊಂಡದ್ದಲ್ಲ. ನಾನು ಕೊಟ್ಟದ್ದು. ಸೆಲಿನ್ ನನ್ನ ತಂಗಿ. ಏನೂ ಕೊಡ್ಬೇಡ ಅಂತ ಹೇಳಿಯೇ ಹೋಗಿದ್ದಳು. ನಾನು ಆಯ್ತು ಅಂದಿದ್ದೆ."

ಅವನು ಟೈಯಿಂದ ಕೈ ತೆಗೆದ. "ನನ್ನ ಅಮ್ಮ ಸಾಯುತ್ತಿದ್ದಳು," ಎಂದ. ನಾನು ಹೌದು ಎಂದೆ. ಆ ಹೌದಿಗೆ ಪೂರ್ತಿ ಅರ್ಥವಿತ್ತು.

ಅವನು ಒಳಗೆ ಹೋಗಿ ಕುರ್ಚಿಯ ಮುಂದೆ ಬಗ್ಗಿ ಅಮ್ಮನನ್ನು ಏನೋ ಕೇಳಿದ. ದೋನ್ಯಾ ನನ್ನ ಕಡೆ ನೋಡಿದರು, ಮಗನ ಕಡೆ ನೋಡಿದರು, ಆಮೇಲೆ ಮಾತಾಡತೊಡಗಿದರು. ಎಷ್ಟೋ ದಿನಗಳ ಮೌನ ಒಡೆದ ಹಾಗೆ, ತೊದಲುತ್ತ, ನಿಲ್ಲುತ್ತ, ಮತ್ತೆ ಹಿಡಿಯುತ್ತ ಮಾತಾಡಿದರು. ನಡುವೆ ಒಮ್ಮೆ ನಕ್ಕರು. ಅಂದ್ರೇಸ್ ಅರ್ಧ ಬೈದು ಅರ್ಧ ನಕ್ಕು, ಕಣ್ಣನ್ನು ತೋಳಿಗೆ ಒರೆಸಿಕೊಂಡ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಲೆ ಅಲ್ಲಾಡಿಸಿ ಹೊರಟುಬಿಡಬಹುದಿತ್ತು. "ಸರ್, ನನಗೆ ಅರ್ಥ ಆಗ್ಲಿಲ್ಲ. ಅಮ್ಮ ಏನು ಹೇಳಿದ್ರು?" ಎಂದು ಕೇಳಿದೆ. ಇಷ್ಟು ವರ್ಷ ವ್ಯಾನು ಓಡಿಸಿದವನು ಗಿರಾಕಿಯೊಬ್ಬರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.

"ಸೆಲಿನ್ ಕೆಳಗೆ ಇಳಿಯುವುದನ್ನೇ ಅಮ್ಮ ಕಾಯುತ್ತಿದ್ದಳಂತೆ," ಎಂದ ಅವನು. "ಆ ದಪ್ಪ ನೀರು ಕುಡಿದು ಅವಳಿಗೆ ಸಾಕಾಗಿತ್ತು. ನಮ್ಮ ಊರಿನ ತೊರೆಯ ಹಾಗೆ ಹರಿಯುವ ನೀರು ಒಮ್ಮೆ ಗಂಟಲಲ್ಲಿ ಇಳಿಯಬೇಕಿತ್ತು. ಸೆಲಿನ್ ಹತ್ತಿರ ಕೇಳಿದರೆ ಅವಳು ಕೊಡುವುದಿಲ್ಲ, ಯಾಕೆ ಬೇಕು ಅಂತ ಕೂತು ವಿಚಾರಿಸುತ್ತಾಳೆ. ಈ ಬಟ್ಟೆಯವನು ಎಲ್ಲದಕ್ಕೂ ಹೌದು ಅನ್ನುವವನು, ಇವನನ್ನು ಕೇಳಿದರೆ ಆಗುತ್ತದೆ ಅಂತ ಅವಳಿಗೆ ಗೊತ್ತಿತ್ತಂತೆ. ತಪ್ಪು ತನ್ನದು, ಸೆಲೀನಾಳನ್ನು ನೀನು ಯಾಕೆ ಕಳಿಸಿದೆ ಅಂತ ನನ್ನನ್ನೇ ಬೈಯುತ್ತಿದ್ದಾಳೆ."

ಒಂದು ಶಬ್ದವೂ ನಮ್ಮಿಬ್ಬರ ನಡುವೆ ಸರಿಯಾಗಿ ಓಡಾಡದೆ ಆ ಮುದುಕಿ ನನ್ನನ್ನು ಇಷ್ಟು ಚೆನ್ನಾಗಿ ಓದಿಬಿಟ್ಟಿದ್ದರು. ನಾನು ಅವರನ್ನು ಏನೂ ಓದಿರಲಿಲ್ಲ.

"ನೀನು ಇನ್ನು ಒಳಗೆ ಬರಬೇಡ," ಎಂದ ಅಂದ್ರೇಸ್, ಗಟ್ಟಿಯಾಗಿ, ಆದರೆ ಕೂಗದೆ. "ಬಟ್ಟೆ ಬಾಗಿಲಲ್ಲೇ ಕೊಡು. ಏಜೆನ್ಸಿಗೆ ನಾನು ಈಗಲೇ ಫೋನು ಮಾಡುತ್ತೇನೆ. ಸೆಲಿನ್ ಒಪ್ಪುವುದಾದರೆ ನಾಳೆಯಿಂದ ಬರಲಿ. ಆ ಎಚ್ಚರಿಕೆಯ ವಿಷಯವೂ ಅವರೊಡನೆ ಮಾತಾಡುತ್ತೇನೆ."

ಮನೆಗೆ ಬಂದಾಗ ಸೆಲಿನ್ ಬಟಾಟೆ ಸುಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮನ್ಯಾನಾ ಎಂದದ್ದನ್ನು, ಮಣಿಸರ ಹಾಕಿಕೊಂಡು ಕಾದದ್ದನ್ನು, ದೋನ್ಯಾ ನನ್ನ ಬಗ್ಗೆ ಹೇಳಿದ್ದನ್ನು. ಅವಳ ಕೈ ನಿಂತಿತ್ತು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವಳು ಕೇಳಿದ್ದು ಬೇರೆಯೇ.

"ನಕ್ಕರು ಅಂದಿಯಲ್ಲ ಅಣ್ಣಾ. ನಗುವಾಗ ಬಾಯಿಯ ಎರಡೂ ಬದಿ ಎದ್ದಿತಾ? ಬಲಬದಿ ಕೂಡ ಎದ್ದಿತಾ?"

ಅವಳ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ, ಹೌದು ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ತಲೆಯೂ ಅರ್ಧ ಅಲ್ಲಾಡಿತ್ತು.

"ಇಲ್ಲ ಮಾರಾಯ್ತಿ," ಎಂದೆ. "ನಾನು ನೋಡ್ಲಿಲ್ಲ."

ಅವಳು ನನ್ನನ್ನು ದಿಟ್ಟಿಸಿದಳು. ಎಷ್ಟೋ ದಿನಗಳ ಮೇಲೆ ನನ್ನ ಮುಖವನ್ನು ನೋಡಿ ಮಾತಾಡಿದಳು.

"ಸರಿ. ನಾಳೆ ನಾನೇ ನೋಡ್ತೇನೆ. ಬೇಗ ವ್ಯಾನು ತೆಗಿ."